ನೀರು ಎಲ್ಲಿವರೆಗೆ ಬಂದಿತ್ತು?

(ನೇತ್ರಾವತಿ ದಂಡೆಯ ಊರೊಂದರ ಕಾಲೇಜಿನಲ್ಲಿ ಕಳೆದ ತಿಂಗಳು ಆಡಿದ ಮಾತು ಇದು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಆವತ್ತು ಶುರುವಿಗೇ ಕರೆಂಟ್ ಹೋಯಿತು, ಸ್ಲೈಡ್ ತೋರಿಸಲು ಆಗಲಿಲ್ಲ. ಹಾಗಾಗಿ ಚಿತ್ರದ ಬದಲು ಕೈಸನ್ನೆಯೇ ಜಾಸ್ತಿ ಇತ್ತು. ಅದನ್ನು ಮಾತ್ರ ಬರೆಯಲು ಬರುವುದಿಲ್ಲ.)

ಈ ಊರಿನಲ್ಲಿ ಯಾರಾದರೂ ಹಿರಿಯರ ಹತ್ತಿರ "ಎಪ್ಪತ್ನಾಲ್ಕರ ನೆರೆ" ಅಂತ ಸುಮ್ನೆ ಬಾಯಿಬಿಟ್ಟು ನೋಡಿ. ಅವರು ಮೊದಲು ಮಾತಾಡುವುದಿಲ್ಲ, ಕೈ ಎತ್ತುತ್ತಾರೆ. ಒಬ್ಬರು ಸೊಂಟದ ಹತ್ತಿರ, ಇನ್ನೊಬ್ಬರು ತಲೆಗಿಂತ ಮೇಲೆ. "ಇಲ್ಲಿವರೆಗೆ ನೀರು" ಅನ್ನುತ್ತಾರೆ. ಮಿಕ್ಕ ಕಥೆಯೆಲ್ಲ ಆಮೇಲೆ.

ಅಮೆರಿಕದ ಕರಾವಳಿಗೆ ಹರಿಕೇನ್ ಅಪ್ಪಳಿಸಿದ ಮೇಲೆ ಅಲ್ಲಿನ ವಿಜ್ಞಾನಿಗಳು ಕೇಳುವುದೂ ಇದೇ ಪ್ರಶ್ನೆ. ನೀರು ಎಲ್ಲಿವರೆಗೆ ಬಂದಿತ್ತು? ಹರಿಕೇನ್ ಅಂದರೆ ಬೇರೇನೂ ಅಲ್ಲ, ನಾವು ಸೈಕ್ಲೋನ್ ಅನ್ನುವುದನ್ನೇ ಅಟ್ಲಾಂಟಿಕ್ ಕಡೆಯವರು ಹಾಗೆ ಕರೆಯುತ್ತಾರೆ. ಪ್ರಶ್ನೆ ಸುಲಭ. ಆದರೆ ಉತ್ತರ ಹೇಳಬೇಕಾದ ಸಾಕ್ಷಿಯನ್ನೆಲ್ಲ ಚಂಡಮಾರುತ ತಾನೇ ತೊಳೆದುಕೊಂಡು ಹೋಗಿರುತ್ತದೆ. ಅಳೆಯಲು ಇಟ್ಟ ಯಂತ್ರವೂ ಅದರ ಜೊತೆಗೆ ಹೋಗಿರುತ್ತದೆ.

2005ರ ಆಗಸ್ಟ್ 29ರಂದು ಕತ್ರಿನಾ ಬಂದಾಗ ಹೀಗೇ ಆಯಿತು. ಮಿಸಿಸಿಪ್ಪಿ ರಾಜ್ಯದ ಕರಾವಳಿಯಲ್ಲಿ ಉಬ್ಬರ ಅಳೆಯುವ ಮಾಪಕಗಳಲ್ಲಿ ಹಲವು, ನೀರು ತುತ್ತತುದಿಗೆ ಏರುವ ಮೊದಲೇ ಬಾಯಿ ಮುಚ್ಚಿದವು. ಹಾಗಿದ್ದೂ ಪಾಸ್ ಕ್ರಿಶ್ಚಿಯನ್ ಎಂಬ ಊರಿನಲ್ಲಿ ನೀರು 27.8 ಅಡಿ ಏರಿತ್ತು ಅಂತ ನಮಗೆ ಗೊತ್ತು. ಸುಮಾರು ಎಂಟೂವರೆ ಮೀಟರ್. ಅದು ಹೇಗೆ ಗೊತ್ತಾಯಿತು? ಉಳಿದಿದ್ದ ಕಟ್ಟಡದ ಮೇಲಿನ ಗೆರೆಯಿಂದ.

ಈ ಗೆರೆಯ ಬಗ್ಗೆ ಸ್ವಲ್ಪ ಹೊತ್ತು ಮಾತಾಡಬೇಕು. ಎಲ್ಲಕ್ಕಿಂತ ನನಗೆ ಇಷ್ಟವಾದ ಭಾಗ ಇದು.

ನೆರೆ ನೀರು ಖಾಲಿ ನೀರಲ್ಲ. ಅದರಲ್ಲಿ ಕೆಸರು, ಎಣ್ಣೆ, ಹುಲ್ಲಿನ ಚೂರು, ಸಣ್ಣ ಸಣ್ಣ ಬೀಜ ಎಲ್ಲ ತೇಲುತ್ತಿರುತ್ತವೆ. ನೀರು ಏರಿ ಒಂದು ಗಳಿಗೆ ನಿಂತು ಇಳಿಯಲು ಶುರುವಾದಾಗ, ಈ ಬೀಜ ಗೋಡೆಗೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ. ಒಣಗಿದ ಮೇಲೆ ನೋಡಿದರೆ ಪೆನ್ಸಿಲ್ಲಿನಲ್ಲಿ ಎಳೆದ ಹಾಗೆ ಸಣ್ಣ ಗೆರೆ. ಅಲ್ಲಿ ಅದಕ್ಕೆ ಹೆಸರೇ ಬೀಜದ ಗೆರೆ. ಕೆಸರಿನ ಗೆರೆಯೂ ಇರುತ್ತದೆ, ಆದರೆ ಅದು ದಪ್ಪ. ಅದರ ಮೇಲಿನ ಅಂಚು ಎಲ್ಲಿ ಅಂತ ಇಬ್ಬರು ಜಗಳ ಆಡಬಹುದು. ಬೀಜದ ಗೆರೆಯಲ್ಲಿ ಜಗಳ ಕಡಿಮೆ.

ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಯುಎಸ್‌ಜಿಎಸ್‌ನ ತಂಡಗಳು ನೀರಿಳಿದ ಕೂಡಲೇ ಈ ಗೆರೆ ಹುಡುಕಿಕೊಂಡು ಹೊರಡುತ್ತವೆ. ಅವಸರ ಯಾಕೆಂದರೆ ಮುಂದಿನ ಮಳೆ ಅದನ್ನು ತೊಳೆದು ಬಿಡುತ್ತದೆ. ಮಳೆ ಬಿಟ್ಟರೂ ಮನೆಯವರು ಬಿಡುವುದಿಲ್ಲ. ಬಿಡಿ ಅಂತ ಹೇಳುವುದಾದರೂ ಹೇಗೆ? ನೀರು ನುಗ್ಗಿದ ಮನೆಯಲ್ಲಿ ಮೊದಲು ಮಾಡುವ ಕೆಲಸವೇ ತೊಳೆಯುವುದು, ಅಲ್ವಾ. ತಂಡದವರು ಬಾಗಿಲು ತಟ್ಟಿ ಅನುಮತಿ ಕೇಳುತ್ತಾರೆ. ಹೊರಗಿನ ಗೋಡೆಗಿಂತ ಒಳಕೋಣೆಯ ಗೋಡೆಯ ಮೇಲೆ ಅವರ ಕಣ್ಣು. ಹೊರಗೆ ಅಲೆ ಬಡಿದು ಗೆರೆ ಮೇಲೆ ಹೋಗಿರುತ್ತದೆ. ಒಳಗೆ, ಮೂಲೆಯ ಬಚ್ಚಲಲ್ಲೋ ಬಾಗಿಲು ಹಾಕಿದ ಕಪಾಟಿನಲ್ಲೋ, ನೀರು ಸದ್ದಿಲ್ಲದೆ ಏರಿ ಸದ್ದಿಲ್ಲದೆ ಇಳಿದಿರುತ್ತದೆ. ಆ ಗೆರೆಯೇ ನಿಜವಾದ ನೀರಿನ ಮಟ್ಟ. ಸಿಕ್ಕ ಜಾಗದಲ್ಲಿ ಒಂದು ಮೊಳೆಯೋ ಬಿಲ್ಲೆಯೋ ಹೊಡೆದು, ಫೋಟೊ ತೆಗೆದು, ಗೆರೆ ಎಷ್ಟು ನಂಬಬಹುದು ಅಂತ ದರ್ಜೆ ಬರೆಯುತ್ತಾರೆ. ಅತ್ಯುತ್ತಮ, ಉತ್ತಮ, ಸಾಧಾರಣ, ಕಳಪೆ. ನಮ್ಮ ಪ್ರೋಗ್ರೆಸ್ ಕಾರ್ಡಿನ ಹಾಗೆಯೇ.

2017ರಲ್ಲಿ ಹಾರ್ವಿ ಚಂಡಮಾರುತ ಟೆಕ್ಸಾಸ್‌ನಲ್ಲಿ ಬೀಡು ಬಿಟ್ಟಿತು. ಬಂತು, ಹೋಗಲಿಲ್ಲ, ಸುರಿಯುತ್ತಲೇ ಇತ್ತು. ನೆದರ್ಲೆಂಡ್ ಎಂಬ ಊರಿನಲ್ಲಿ 60.58 ಇಂಚು ಮಳೆ ದಾಖಲಾಯಿತು. ಬೆಂಗಳೂರಿಗೆ ಒಂದೂವರೆ ವರ್ಷದಲ್ಲಿ ಬೀಳುವ ಮಳೆ ಕೆಲವೇ ದಿನಗಳಲ್ಲಿ. ಆಗ ಟೆಕ್ಸಾಸ್‌ನ ಆಗ್ನೇಯ ಭಾಗ ಮತ್ತು ಪಕ್ಕದ ಲೂಸಿಯಾನದಲ್ಲಿ ದಾಖಲಾದ ಗೆರೆಗಳು 2,123. ಒಂದೊಂದೂ ಯಾರದೋ ಮನೆ, ಯಾರದೋ ಅಂಗಡಿ, ಯಾವುದೋ ಸೇತುವೆ. ಅವನ್ನೆಲ್ಲ ಸೇರಿಸಿ ನೆರೆಯ ನಕ್ಷೆ ಮಾಡಿದರು.

ಆದರೆ ಗೆರೆಗೆ ಒಂದು ಕೊರತೆ ಇದೆ. ಎಷ್ಟು ಎತ್ತರ ಅಂತ ಹೇಳುತ್ತದೆ, ಯಾವಾಗ ಅಂತ ಹೇಳುವುದಿಲ್ಲ. ನೀರು ರಾತ್ರಿ ಎರಡಕ್ಕೆ ಏರಿತೋ ಬೆಳಗ್ಗೆ ಎಂಟಕ್ಕೋ? ಎಷ್ಟು ಹೊತ್ತು ನಿಂತಿತ್ತು? ಗೋಡೆಗೆ ಗಡಿಯಾರ ಗೊತ್ತಿಲ್ಲ.

ಇದಕ್ಕೆ ಕತ್ರಿನಾ ಆದ ಮೂರೂವರೆ ವಾರದೊಳಗೆ ಒಂದು ಉಪಾಯ ಮಾಡಿದರು. ರೀಟಾ ಎಂಬ ಇನ್ನೊಂದು ಚಂಡಮಾರುತ ಅದೇ ಸೆಪ್ಟೆಂಬರಿನಲ್ಲಿ ಬರುತ್ತಿತ್ತು. ಅದು ದಡ ಮುಟ್ಟುವ ಮೊದಲೇ ಲೂಸಿಯಾನ ಮತ್ತು ಟೆಕ್ಸಾಸ್‌ನ 33 ಜಾಗಗಳಲ್ಲಿ 47 ಒತ್ತಡ ಮಾಪಕಗಳನ್ನು ಕಟ್ಟಿ ಬಂದರು. ನೋಡಲು ಏನೂ ಇಲ್ಲ. ತೂತು ಇರುವ ಗಿಡ್ಡ ಉಕ್ಕಿನ ಪೈಪು, ಒಳಗೆ ಬ್ಯಾಟರಿ ಹಾಕಿದ ಬೆರಳು ಗಾತ್ರದ ಯಂತ್ರ. ಸೇತುವೆಯ ಕಂಬಕ್ಕೋ ದಕ್ಕೆಯ ಕಂಬಕ್ಕೋ ಪಟ್ಟಿ ಹಾಕಿ ಬಿಗಿದು, ಹಿಂತಿರುಗಿ ನೋಡದೆ ಜೀಪು ಹತ್ತುವುದು. ಊರೆಲ್ಲ ಖಾಲಿಯಾಗಿ ಒಳನಾಡಿಗೆ ಹೋಗುತ್ತಿರುವಾಗ ಇವರು ಸ್ಪ್ಯಾನರ್ ಹಿಡಿದು ಕಡಲ ಕಡೆ ಹೋಗುತ್ತಿರುತ್ತಾರೆ. ಈಗ ದೊಡ್ಡ ಚಂಡಮಾರುತ ಬರುತ್ತದೆ ಅಂದಾಗಲೆಲ್ಲ ಅಲ್ಲಿ ಇದು ಮಾಮೂಲಿ ಕೆಲಸ.

ಈ ಪೈಪಿನೊಳಗಿನ ಲೆಕ್ಕ ಚೆನ್ನಾಗಿದೆ, ಕೇಳಿ. ಯಂತ್ರ ಅಳೆಯುವುದು ಎತ್ತರವನ್ನಲ್ಲ, ಒತ್ತಡವನ್ನು. ತಲೆ ಮೇಲೆ ಒಂದು ಮೀಟರ್ ನೀರು ಜಾಸ್ತಿ ಆದರೆ ಒತ್ತಡ ಸುಮಾರು 100 ಹೆಕ್ಟೊಪ್ಯಾಸ್ಕಲ್ (ಒತ್ತಡ ಅಳೆಯುವ ಮಾನ) ಜಾಸ್ತಿ. ಆದರೆ ನೀರಿನ ಮೇಲೆ ಗಾಳಿಯೂ ಕೂತಿದೆ. ಮಾಮೂಲಿ ದಿನ ಗಾಳಿಯ ಒತ್ತಡ ಸುಮಾರು 1013. ಕತ್ರಿನಾ ದಡ ಮುಟ್ಟುವಾಗ ಅದರ ನಡುವಿನಲ್ಲಿ 920ಕ್ಕೆ ಇಳಿದಿತ್ತು. ವ್ಯತ್ಯಾಸ 93. ಅಂದರೆ ಗಾಳಿಯ ಲೆಕ್ಕ ಬಿಟ್ಟರೆ ನೀರಿನ ಎತ್ತರದಲ್ಲಿ ಹತ್ತಿರ ಹತ್ತಿರ ಒಂದು ಮೀಟರ್ ತಪ್ಪುತ್ತದೆ! ಹಾಗಾಗಿ ನೀರಿನ ಮಾಪಕಗಳ ಜೊತೆಗೆ, ಹತ್ತಿರದಲ್ಲೇ ನೀರು ಮುಟ್ಟದ ಎತ್ತರದಲ್ಲಿ, ಬರೀ ಗಾಳಿ ಅಳೆಯುವ ಇನ್ನೊಂದು ಯಂತ್ರ ಕಟ್ಟಿರುತ್ತಾರೆ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ನೀರು.

ಸಾಮಾನ್ಯವಾಗಿ ಈ ಯಂತ್ರ 30 ಸೆಕೆಂಡಿಗೊಮ್ಮೆ ಓದುತ್ತದೆ. ಅಲೆ ಅಳೆಯಬೇಕಾದರೆ ಅದು ಸಾಲದು, ಸೆಕೆಂಡಿಗೆ ನಾಲ್ಕು ಸಲ ಓದುವ ಹಾಗೆ ಇಡುತ್ತಾರೆ. ಮನೆ ಕೆಡವುವುದು ನಿಂತ ನೀರಿಗಿಂತ ಅದರ ಮೇಲೆ ಸವಾರಿ ಮಾಡುವ ಅಲೆ. ಎರಡನ್ನೂ ಬೇರೆ ಬೇರೆ ನೋಡಬೇಕು.

ಇನ್ನು ಸೊನ್ನೆಯ ವಿಷಯ. 2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ನ್ಯೂಯಾರ್ಕ್ ಮುಳುಗಿಸಿತು. ಮ್ಯಾನ್‌ಹ್ಯಾಟನ್ ತುದಿಯಲ್ಲಿ ಬ್ಯಾಟರಿ ಅಂತ ಒಂದು ಜಾಗ, ಅಲ್ಲಿ ಹಳೆಯ ಉಬ್ಬರ ಮಾಪಕವಿದೆ. ಆ ರಾತ್ರಿಯ ಅಳತೆ 14.06 ಅಡಿ ಅಂತ ಒಂದು ಕಡೆ ಓದುತ್ತೀರಿ, 9.4 ಅಡಿ ಅಂತ ಇನ್ನೊಂದು ಕಡೆ. ಯಾವುದು ಸುಳ್ಳು? ಎರಡೂ ನಿಜ. ಮೊದಲನೆಯದು ಇಳಿತದ ತಳಮಟ್ಟವನ್ನು ಸೊನ್ನೆ ಅಂತ ಇಟ್ಟುಕೊಂಡ ಲೆಕ್ಕ. ಎರಡನೆಯದು, ಚಂಡಮಾರುತ ಇಲ್ಲದಿದ್ದರೆ ಆ ಹೊತ್ತಿಗೆ ಇರಬೇಕಾಗಿದ್ದ ಉಬ್ಬರಕ್ಕಿಂತ ಎಷ್ಟು ಜಾಸ್ತಿ ಅನ್ನುವ ಲೆಕ್ಕ. ಆವತ್ತು ಹುಣ್ಣಿಮೆ ಬೇರೆ. ಹುಣ್ಣಿಮೆ ಅಮಾವಾಸ್ಯೆಗೆ ಉಬ್ಬರ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಪತ್ರಿಕೆಯವರಿಗೆ ನನ್ನದೊಂದು ಬೇಡಿಕೆ: ಅಡಿ ಬರೆಯುವಾಗ ಎಲ್ಲಿಂದ ಅಡಿ ಅಂತಲೂ ಬರೆಯಿರಿ. ಇಲ್ಲದಿದ್ದರೆ ಆ ಅಂಕೆ ಬರೀ ಶಬ್ದ.

ನೀರು ಬಿಟ್ಟು ನೆಲಕ್ಕೆ ಬರೋಣ. ನಮಗೆ ಕಡಲ್ಕೊರೆತ ಅನ್ನುವ ಮಾತು ಚೆನ್ನಾಗಿ ಗೊತ್ತು. ಎಷ್ಟು ಕೊರೆದಿದೆ ಅಂತ ಹೇಳಬೇಕಾದರೆ ನಿನ್ನೆ ಎಷ್ಟಿತ್ತು ಅಂತ ಗೊತ್ತಿರಬೇಕು. ಇಡೀ ವಿದ್ಯೆಯ ಗುಟ್ಟು ಇರುವುದು ಇಲ್ಲೇ. ಚಂಡಮಾರುತದ ನಂತರ ಎಷ್ಟೇ ದುಬಾರಿ ಯಂತ್ರ ತನ್ನಿ, ಮೊದಲಿನ ಅಳತೆ ಇಲ್ಲದಿದ್ದರೆ ನಿಮ್ಮ ಕೈಯಲ್ಲಿ ಬರೀ ಫೋಟೊ ಇರುತ್ತದೆ, ಲೆಕ್ಕ ಇರುವುದಿಲ್ಲ.

ಅಲ್ಲಿನವರು ವಿಮಾನದಿಂದ ಲೇಸರ್ ಬಿಟ್ಟು ಅಳೆಯುತ್ತಾರೆ. ಲೈಡಾರ್ ಅಂತ ಹೆಸರು. ಬೆಳಕು ನೆಲ ಮುಟ್ಟಿ ವಾಪಸ್ ಬರಲು ತಗಲುವ ಸಮಯದಿಂದ ಎತ್ತರ ಲೆಕ್ಕ ಹಾಕುವುದು. ಸೆಕೆಂಡಿಗೆ ಸಾವಿರಾರು ಸಲ. ಇಡೀ ಮರಳದಂಡೆಯ ಉಬ್ಬುತಗ್ಗು ಒಂದು ಗೇಣಿನೊಳಗಿನ ತಪ್ಪಿನಲ್ಲಿ ಸಿಕ್ಕಿಬಿಡುತ್ತದೆ. ಮೊದಲೊಮ್ಮೆ, ಆಮೇಲೊಮ್ಮೆ ಹಾರಿ, ಒಂದರಿಂದ ಒಂದನ್ನು ಕಳೆಯುತ್ತಾರೆ. ಹೀಗೆ ಕಳೆದಾಗಲೇ ಸ್ಯಾಂಡಿಯಲ್ಲಿ ನ್ಯೂಯಾರ್ಕಿನ ಫೈರ್ ಐಲೆಂಡ್ ತನ್ನ ದಂಡೆ ಮತ್ತು ದಿಬ್ಬದ ಅರ್ಧಕ್ಕಿಂತ ಜಾಸ್ತಿ ಮರಳು ಕಳೆದುಕೊಂಡಿತ್ತು ಅಂತ ಗೊತ್ತಾಗಿದ್ದು. ಲೂಸಿಯಾನದ ಶಾಂಡಲಿಯರ್ ದ್ವೀಪಗಳ ಕಥೆ ಇನ್ನೂ ಕೆಟ್ಟದ್ದು. ಕತ್ರಿನಾ ಹೋದಮೇಲೆ ನೀರಿನ ಮೇಲಿದ್ದ ನೆಲದಲ್ಲಿ ಸುಮಾರು 85 ಶೇಕಡಾ ಇರಲಿಲ್ಲ.

ಈ ದ್ವೀಪಗಳು ಅಂದರೆ ಉದ್ದಕ್ಕೆ ಮಲಗಿದ ಮರಳಿನ ಪಟ್ಟಿಗಳು, ಈಚೆ ಹಿನ್ನೀರು ಆಚೆ ಕಡಲು. ಯುಎಸ್‌ಜಿಎಸ್‌ನ ಅಬಿ ಸ್ಯಾಲೆಂಜರ್ ಅವುಗಳಿಗೆ 2000ದಲ್ಲಿ ಒಂದು ಅಳತೆಗೋಲು ಕೊಟ್ಟರು. ಚಂಡಮಾರುತದ ಗಾಳಿ ಎಷ್ಟು ಜೋರು ಅನ್ನುವುದು ಬಿಡಿ, ಅಲೆ ದಿಬ್ಬದ ಎಲ್ಲಿಗೆ ಮುಟ್ಟುತ್ತದೆ ಹೇಳಿ ಅಂದರು. ಅಲೆ ದಂಡೆಯಲ್ಲೇ ಓಡಾಡಿದರೆ ಮರಳು ಹೋದರೂ ವಾಪಸ್ ಬರುತ್ತದೆ. ದಿಬ್ಬದ ಬುಡಕ್ಕೆ ಬಡಿದರೆ ದಿಬ್ಬ ಕುಸಿಯುತ್ತದೆ. ದಿಬ್ಬದ ತಲೆ ದಾಟಿದರೆ ಮರಳೆಲ್ಲ ಹಿಂದಕ್ಕೆ ಹೋಗಿ ಬೀಳುತ್ತದೆ. ನಾಲ್ಕನೆಯದು, ನೀರು ಇಡೀ ದ್ವೀಪವನ್ನೇ ಮುಳುಗಿಸಿದರೆ, ದ್ವೀಪವೇ ಸಮುದ್ರದ ತಳ ಆಗಿಬಿಡುತ್ತದೆ. ಹೀಗೆ ನೋಡಿದಾಗ ದುರ್ಬಲ ಚಂಡಮಾರುತವೂ ತಗ್ಗು ದ್ವೀಪವನ್ನು ಮುಗಿಸಬಹುದು, ಬಲವಾದದ್ದೂ ಎತ್ತರದ ದಿಬ್ಬದ ಮುಂದೆ ಸೋಲಬಹುದು. ಟಿವಿಯಲ್ಲಿ ಕೂಗುವ, ಗಾಳಿಯ ವೇಗ ನೋಡಿ ಕೊಡುವ ಒಂದರಿಂದ ಐದರ ಶ್ರೇಣಿಗಿಂತ ಇದು ನನಗೆ ಜಾಸ್ತಿ ಬುದ್ಧಿವಂತ ಅನಿಸುತ್ತದೆ.

ಎಲ್ಲವೂ ನಷ್ಟವೇ ಅಂತಲೂ ಅಲ್ಲ. ಸ್ಯಾಂಡಿ ಫೈರ್ ಐಲೆಂಡ್ ಅನ್ನು ಸೀಳಿ ಹೊಸ ಅಳಿವೆ ತೆರೆಯಿತು. ಮುಚ್ಚಬೇಕೋ ಬಿಡಬೇಕೋ ಅಂತ ದೊಡ್ಡ ಚರ್ಚೆ ನಡೆಯಿತು. ಅದು ಕಾಡುಪ್ರದೇಶವಾಗಿ ಕಾಪಾಡಿದ ಭಾಗ, ಹಾಗಾಗಿ ಬಿಟ್ಟು ನೋಡಿದರು. ಹಿಂದಿನ ಗ್ರೇಟ್ ಸೌತ್ ಬೇ ಕೊಲ್ಲಿಗೆ ಕಡಲ ನೀರು ಆಡತೊಡಗಿ, ಅಳಿವೆಯ ಹತ್ತಿರದ ನೀರು ತಿಳಿಯಾಯಿತು, ಉಪ್ಪು ಏರಿತು.

ಜೌಗು ನೆಲದಲ್ಲಿ ಅಳತೆ ಇನ್ನೂ ಸೂಕ್ಷ್ಮ. ಅಲ್ಲಿ ಅಡಿ ಇಂಚಿನ ಮಾತಿಲ್ಲ, ಮಿಲಿಮೀಟರ್. ಲೂಸಿಯಾನದಲ್ಲಿ ಸುಮಾರು 390 ಜಾಗಗಳಲ್ಲಿ ಜೌಗಿನ ಲೆಕ್ಕ ಇಡುತ್ತಾರೆ. ಫೆಲ್ಡ್‌ಸ್ಪಾರ್ ಅಂತ ಬಿಳಿ ಪುಡಿ, ರಂಗೋಲಿ ಪುಡಿಯ ಹಾಗೆ. ಅದನ್ನು ಕೆಸರಿನ ಮೇಲೆ ಒಂದು ಚೌಕದಲ್ಲಿ ಹರಡಿ ಬರುತ್ತಾರೆ. ತಿಂಗಳುಗಳು ಕಳೆದಂತೆ ಅದರ ಮೇಲೆ ಹೊಸ ಕೆಸರು ಕೂರುತ್ತದೆ. ನೋಡಲು ಅಗೆದರೆ ಕೆಸರು ಕಲಸಿ ಹೋಗುತ್ತದಲ್ಲ? ಅದಕ್ಕೆ ಒಂದು ಕೊಳವೆ ಚುಚ್ಚಿ ಒಳಗೆ ದ್ರವ ಸಾರಜನಕ ಬಿಡುತ್ತಾರೆ. ಸುತ್ತಲಿನ ಕೆಸರು ಕುಲ್ಫಿಯ ಹಾಗೆ ಗಟ್ಟಿಯಾಗಿ ಕೊಳವೆಗೆ ಅಂಟಿ ಮೇಲೆ ಬರುತ್ತದೆ. ಬಿಳಿ ಗೆರೆಯ ಮೇಲೆ ಎಷ್ಟು ಮಿಲಿಮೀಟರ್ ಕಪ್ಪು ಅಂತ ಸ್ಕೇಲ್ ಹಿಡಿಯುವುದು. ನೋಡಿ, ಮತ್ತೆ ಗೆರೆಯೇ.

ಕತ್ರಿನಾ ಮತ್ತು ರೀಟಾ ಆದಮೇಲೆ ವಿಜ್ಞಾನಿಗಳು ಹೆಲಿಕಾಪ್ಟರಿನಲ್ಲಿ ಜೌಗಿನಿಂದ ಜೌಗಿಗೆ ಇಳಿದು ಹೊಸ ಕೆಸರಿನ ದಪ್ಪ ಅಳೆದರು. ಎರಡೂ ಸೇರಿ ಸುಮಾರು 13.1 ಕೋಟಿ ಟನ್ ಮಣ್ಣು ತಂದು ಹಾಕಿದ್ದವು. ಅದೇ ಹೊತ್ತಿಗೆ ಉಪಗ್ರಹ ಚಿತ್ರ ನೋಡಿದವರು, ಲೂಸಿಯಾನ ಕರಾವಳಿಯಲ್ಲಿ ಸುಮಾರು 560 ಚದರ ಕಿಲೋಮೀಟರ್ ನೆಲ ನೀರಾಗಿದೆ ಅಂದರು. ಬೆಂಗಳೂರು ಮಹಾನಗರದ ಮುಕ್ಕಾಲು ಪಾಲು. ಇದರಲ್ಲಿ ಸ್ವಲ್ಪ ಮತ್ತೆ ಹಸಿರಾಗಬಹುದು ಅಂತಲೂ ಅವರೇ ಎಚ್ಚರಿಸಿದ್ದರು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಎರಡನ್ನೂ ಅಳೆಯದೆ ಒಂದನ್ನೇ ಹಿಡಿದು ಮಾತಾಡಿದರೆ ಅರ್ಧ ಕಥೆ.

ನದಿಗೆ ಬರುತ್ತೇನೆ. ಮಿಸಿಸಿಪ್ಪಿಯಷ್ಟು ದೊಡ್ಡ ಹೊಳೆ ಹಿಮ್ಮುಖವಾಗಿ ಹರಿಯಬಹುದಾ? 2012ರ ಆಗಸ್ಟ್ 28ರಂದು ಐಸಾಕ್ ಚಂಡಮಾರುತ ಬಂದಾಗ ಹರಿಯಿತು. ನ್ಯೂ ಆರ್ಲಿಯನ್ಸ್‌ಗಿಂತ ಕೆಳಗೆ ಬೆಲ್ ಚಾಸ್ ಎಂಬಲ್ಲಿ ಯುಎಸ್‌ಜಿಎಸ್ ಮಾಪಕವಿದೆ. ಹತ್ತಿರ ಹತ್ತಿರ ಒಂದು ದಿನ ನೀರು ಮೇಲ್ಮುಖವಾಗಿತ್ತು. ಮಾಮೂಲಿಯಾಗಿ ಅಲ್ಲಿ ನೀರು ಕಡಲಿಗೆ ಹೋಗುತ್ತದೆ. ಆವತ್ತು ಒಂದು ಹಂತದಲ್ಲಿ ಸೆಕೆಂಡಿಗೆ 1,82,000 ಘನ ಅಡಿ ಕಡಲಿನಿಂದ ಮೇಲಕ್ಕೆ ಬರುತ್ತಿತ್ತು. ನೀರಿನ ಮಟ್ಟ ಮಾತ್ರ ನೋಡುತ್ತಿದ್ದರೆ "ಹೊಳೆ ಏರಿದೆ" ಅಂತಷ್ಟೇ ಗೊತ್ತಾಗುತ್ತಿತ್ತು. ಯಾವ ದಿಕ್ಕಿಗೆ ಅಂತ ಹೇಳುವುದು ಶಬ್ದದ ಯಂತ್ರ. ನಿಲ್ಲದೆ ಹೋಗುವ ರೈಲಿನ ಸೀಟಿ ನಿಮ್ಮನ್ನು ದಾಟಿದ ಕೂಡಲೇ ದಪ್ಪ ಆಗುತ್ತದಲ್ಲ, ಅದೇ ತತ್ವ. ನೀರಿನೊಳಗೆ ಶಬ್ದ ಬಿಟ್ಟರೆ ತೇಲುವ ಮಣ್ಣಿನ ಕಣಕ್ಕೆ ಬಡಿದು ವಾಪಸ್ ಬರುತ್ತದೆ. ಕಣ ಹತ್ತಿರ ಬರುತ್ತಿದ್ದರೆ ಸ್ವರ ಸಣ್ಣ, ದೂರ ಹೋಗುತ್ತಿದ್ದರೆ ದಪ್ಪ.

ಕಣ್ಣಿಗೆ ಕಾಣದ ಪೆಟ್ಟು ನೀರಿನ ಗುಣಕ್ಕೆ ಬೀಳುತ್ತದೆ. 1992ರಲ್ಲಿ ಆಂಡ್ರೂ ಬಂದಾಗ ಲೂಸಿಯಾನದ ಅಚಾಫಲಾಯ ಜಲಾನಯನದಲ್ಲಿ ಕೋಟಿಗಟ್ಟಲೆ ಮೀನು ಸತ್ತವು. ಗಾಳಿಗೆ ಉದುರಿದ ಎಲೆ, ಕದಡಿದ ತಳದ ಕೊಳೆ ಎಲ್ಲ ಕೊಳೆಯುತ್ತ ನೀರಿನ ಆಮ್ಲಜನಕ ಹೀರಿಬಿಟ್ಟವು. ಮೀನು ಚಂಡಮಾರುತಕ್ಕೆ ಸಾಯಲಿಲ್ಲ, ಆಮೇಲೆ ಉಸಿರುಕಟ್ಟಿ ಸತ್ತವು. ಹಾರ್ವಿಯಲ್ಲಿ ಉಲ್ಟಾ ಕಥೆ: ಗ್ಯಾಲ್ವೆಸ್ಟನ್ ಕೊಲ್ಲಿಗೆ ಅಷ್ಟು ಸಿಹಿನೀರು ನುಗ್ಗಿ ಉಪ್ಪೇ ತೊಳೆದುಹೋಯಿತು, ಆಯ್ಸ್ಟರ್ ಚಿಪ್ಪುಗಳು ಸತ್ತವು. ಉಪ್ಪು ಅಳೆಯುವುದು ಸುಲಭ. ಉಪ್ಪು ಜಾಸ್ತಿ ಇದ್ದಷ್ಟೂ ನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ, ಅಷ್ಟೇ.

ನಾರ್ತ್ ಕೆರೊಲಿನಾದವರು ಇದಕ್ಕೆ ಮಾಡಿದ ಉಪಾಯ ನನಗೆ ಬಹಳ ಖುಷಿ ಕೊಟ್ಟಿತು. 1999ರಲ್ಲಿ ಡೆನಿಸ್, ಫ್ಲಾಯ್ಡ್, ಐರೀನ್ ಅಂತ ಮೂರು ಹರಿಕೇನ್ ಕೆಲವೇ ವಾರಗಳಲ್ಲಿ ಬಂದು ಅಲ್ಲಿನ ಪ್ಯಾಮ್ಲಿಕೊ ಸೌಂಡ್ ಎಂಬ ದೊಡ್ಡ ಹಿನ್ನೀರನ್ನು ಕಲಕಿಬಿಟ್ಟವು. ದಿನಾ ನೀರು ಪರೀಕ್ಷೆ ಮಾಡಲು ದೋಣಿಗೆ ದುಡ್ಡೆಲ್ಲಿ? ಜನ ಮತ್ತು ಕಾರು ದಾಟಿಸುವ ಫೆರಿಗಳು ಹೇಗೂ ದಿನಾ ಹೋಗಿ ಬರುತ್ತವಲ್ಲ. ಅವುಗಳಲ್ಲೇ ಯಂತ್ರ ಇಟ್ಟರು. ಫೆರಿ ದಾಟುತ್ತಿದ್ದರೆ ಸಾಕು, ಉಪ್ಪು, ಬಿಸಿ, ಆಮ್ಲಜನಕ ತಾನಾಗಿ ದಾಖಲಾಗುತ್ತದೆ. ಮೊದಲಿನ ಅಳತೆ ಬೇಕು ಅಂದೆನಲ್ಲ, ಇದು ಅದಕ್ಕೆ ಅಗ್ಗದ ದಾರಿ.

ನೆಲ ಕೂಡ ಅಳತೆಗೆ ಸಿಗುತ್ತದೆ. ಹಾರ್ವಿಯ ನೀರಿನ ಭಾರಕ್ಕೆ ಹ್ಯೂಸ್ಟನ್ ಸುತ್ತಲಿನ ನೆಲ ಸುಮಾರು ಎರಡು ಸೆಂಟಿಮೀಟರ್ ಕುಸಿದು, ನೀರು ಇಳಿದಂತೆ ವಾರಗಳಲ್ಲಿ ಮತ್ತೆ ಎದ್ದಿತು. ಜಿಪಿಎಸ್ ನಿಲ್ದಾಣಗಳು ಹಿಡಿದವು. ಊರಿಗೆ ಊರೇ ತಕ್ಕಡಿಯಾದ ಹಾಗೆ.

ಕೊನೆಗೆ ಯಂತ್ರವೇ ಇಲ್ಲದ ಕಾಲದ ಚಂಡಮಾರುತಗಳು. ಅವು ಯಾವಾಗ ಬಂದಿದ್ದವು ಅಂತ ಕಾಮ್-ಬಿಯು ಲಿಯು ಎಂಬ ವಿಜ್ಞಾನಿ 1993ರಲ್ಲಿ ಅಲಬಾಮಾ ರಾಜ್ಯದ ಶೆಲ್ಬಿ ಕೆರೆಯ ತಳದ ಕೆಸರು ಓದಿ ಹೇಳಿದರು. ಕಡಲಿಗೂ ಕೆರೆಗೂ ನಡುವೆ ಮರಳ ದಿಬ್ಬ. ದೊಡ್ಡ ಚಂಡಮಾರುತ ಬಂದಾಗ ಮಾತ್ರ ಮರಳು ದಿಬ್ಬ ದಾಟಿ ಕೆರೆಗೆ ಬೀಳುತ್ತದೆ. ಕಪ್ಪು ಕೆಸರಿನ ನಡುವೆ ಬಿಳಿ ಮರಳಿನ ಪದರ. ಕಾರ್ಬನ್ ಲೆಕ್ಕದಿಂದ ಅದರ ವಯಸ್ಸು. ಸಾವಿರಾರು ವರ್ಷದ ಡೈರಿ ಅದು.

ಇಷ್ಟು ಹೇಳಿ ಮಾತು ನಿಲ್ಲಿಸಿದೆ. ಪ್ರಶ್ನೆಗಳು ಬಂದವು. ಉಪಗ್ರಹ ಇರುವಾಗ ಇಷ್ಟೆಲ್ಲ ಒದ್ದಾಟ ಯಾಕೆ ಅಂತ ಒಬ್ಬಳು ವಿದ್ಯಾರ್ಥಿನಿ ಕೇಳಿದಳು. ಚಂಡಮಾರುತದ ದಿನ ಮೋಡ ಇರುತ್ತದೆ, ಮೋಡ ದಾಟಿ ನೋಡುವ ರಾಡಾರ್ ಉಪಗ್ರಹಕ್ಕೂ ಮನೆಯೊಳಗಿನ ನೀರು ಕಾಣುವುದಿಲ್ಲ ಅಂದೆ. ಇನ್ನೊಬ್ಬರು ನಮ್ಮ ಕಡೆಯದು ಕೇಳಿದರು. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯ ಬದಿಯಲ್ಲೇ ಹಾದು ಗುಜರಾತಿಗೆ ಹೋಗಿದ್ದು ಎಲ್ಲರಿಗೂ ನೆನಪಿತ್ತು. ನವಮಂಗಳೂರು ಬಂದರಿನಲ್ಲಿ ಉಬ್ಬರ ಮಾಪಕ ಇದೆ. ಆದರೆ ಒಂದು ಬಂದರಿನ ಮಾಪಕ ಬದಿಯ ಊರಿನ ಅಂಗಳದ ಕಥೆ ಹೇಳುವುದಿಲ್ಲ.

ಆಗ ಹಿಂದಿನ ಸಾಲಿನಿಂದ ಒಬ್ಬರು ನಿವೃತ್ತ ಮಾಷ್ಟ್ರು ಎದ್ದರು. "ಎಪ್ಪತ್ನಾಲ್ಕರಲ್ಲಿ ನಮ್ಮ ಮನೆಗೆ ಇಲ್ಲಿವರೆಗೆ ನೀರು" ಅಂತ ಎದೆಯ ಮೇಲೆ ಕೈಯಿಟ್ಟರು.

"ಮಾಷ್ಟ್ರೇ, ಈಗಿನ ಎದೆಯೋ ಆಗಿನ ಎದೆಯೋ?" ಅಂದೆ.

ಸಭೆ ನಕ್ಕಿತು. ಅವರೂ ನಕ್ಕರು. ಕೈ ಸ್ವಲ್ಪ ಕೆಳಗೆ ಇಳಿಸಿದರು. "ಆಗ ನಾನು ಐದನೇ ಕ್ಲಾಸು. ಆದರೆ ನಮ್ಮಜ್ಜ ಗೋಡೆಗೆ ಒಂದು ಮೊಳೆ ಹೊಡೆದಿದ್ದರು, ನೀರಿನ ಗುರ್ತಕ್ಕೆ. ಅದು ಈಗಲೂ ಉಂಟು. ಕ್ಯಾಲೆಂಡರ್ ನೇತು ಹಾಕಿದ್ದೇವೆ."

"ನೆಲಕ್ಕೆ ಟೈಲ್ಸ್ ಹಾಕಿದ್ದೀರಾ?"

"ಎರಡು ಸಲ."

ಮರುದಿನ ಬೆಳಗ್ಗೆ ಟೇಪು ಹಿಡಿದು ಅವರ ಮನೆಗೆ ಹೋದೆ. ಮುಂಬಾಗಿಲಿನ ಕಲ್ಲಿನ ಹೊಸ್ತಿಲು ಮಾತ್ರ ಹಳೆಯದು, ಅದನ್ನು ಯಾರೂ ಕದಲಿಸಿರಲಿಲ್ಲ. ಅಲ್ಲಿಂದಲೇ ಶುರು ಮಾಡೋಣ ಅಂದೆ. ಮಾಷ್ಟ್ರು ಕ್ಯಾಲೆಂಡರ್ ತೆಗೆದು ಕುರ್ಚಿಯ ಮೇಲಿಟ್ಟರು. ನಾಲ್ಕಡಿ ಎರಡು ಇಂಚು.